ನಾಲಾ ನೀರಿನ ಗೋಧಿ: ತಾಳುವ ತಳಿ ಬೇರೆ, ಶುದ್ಧ ಕಾಳಿನ ತಳಿ ಬೇರೆ

ಪ್ರಶ್ನೆ: ಬೆಳಗಾವಿ ಹತ್ತಿರ ನಮ್ಮದು ನಾಲ್ಕು ಎಕರೆ. ಮಳೆಗಾಲಕ್ಕೆ ಭತ್ತ, ಹಿಂಗಾರಿಗೆ ಗೋಧಿ. ಬಾವಿ ಬತ್ತಿದಾಗ ಊರ ಕೊಳಚೆ ಹರಿಯುವ ನಾಲಾಕ್ಕೆ ಪಂಪ್ ಇಟ್ಟು ನೀರು ಹಾಯಿಸುತ್ತೇವೆ. ಹದಿನೈದು ವರ್ಷದಿಂದ ಹೀಗೇ ನಡೆದಿದೆ. ಆ ನೀರಲ್ಲಿ ಸೀಸ, ಕ್ಯಾಡ್ಮಿಯಂ ಇರುತ್ತವೆ ಎನ್ನುತ್ತಾಳೆ ಕಾಲೇಜಿಗೆ ಹೋಗುವ ಮಗಳು. ಆದರೆ ನಮ್ಮ ಬನ್ಸಿ ಗೋಧಿ ಹಚ್ಚಗೆ ಬರುತ್ತದೆ, ಒಂದು ಎಲೆಯೂ ಹಳದಿಯಾಗಿಲ್ಲ. ಜವೆ ಗೋಧಿ ಎಂಥ ವಿಷವನ್ನೂ ತಡೆಯುತ್ತದೆ, ಅದನ್ನೇ ಬಿತ್ತಿರಿ ಎನ್ನುತ್ತಾರೆ ಪಕ್ಕದ ಹೊಲದವರು. ಇಂಥ ನೀರು ತಾಳುವ ತಳಿ ಯಾವುದು? ಹೊಟ್ಟು ಎಮ್ಮೆಗೆ ಹಾಕಬಹುದೇ?

ಉತ್ತರ: ಹಚ್ಚಗೆ ಬರುತ್ತದೆ ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ.

ಭಾರ ಲೋಹಗಳೆಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದು ನಮ್ಮ ರೂಢಿ. ಹೊಲದಲ್ಲಿ ಅವುಗಳ ನಡತೆ ಬೇರೆ ಬೇರೆ. ಸತು, ತಾಮ್ರ, ನಿಕ್ಕಲ್ ಮಣ್ಣಲ್ಲಿ ಅತಿಯಾದರೆ ಮೊದಲು ನರಳುವುದು ಬೆಳೆ. ಎಲೆ ಬಿಳಿಚುತ್ತದೆ, ಬೇರು ಮೊಂಡಾಗುತ್ತದೆ, ಇಳುವರಿ ಬೀಳುತ್ತದೆ. ಕಾಳು ಮನುಷ್ಯರಿಗೆ ಅಪಾಯವಾಗುವ ಮಟ್ಟಕ್ಕೆ ಹೋಗುವ ಮೊದಲೇ ಪೈರು ಕುಸಿಯುವುದರಿಂದ ನಿಮ್ಮ ಕಣ್ಣೇ ಅಲ್ಲಿ ಕಾವಲು. ಸೀಸ ಮತ್ತು ಕ್ರೋಮಿಯಂ ಬಹುಪಾಲು ಬೇರಿನಲ್ಲೇ ಉಳಿಯುತ್ತವೆ. ಗೋಧಿ ಕಾಳಲ್ಲಿ ಸೀಸ ಸಿಕ್ಕರೆ ಅದು ಹೆಚ್ಚಾಗಿ ತೆನೆಯ ಮೇಲೆ ಕೂತ ದೂಳಿನದು, ಕಣದಲ್ಲಿ ಬೆರೆತ ಮಣ್ಣಿನದು. ಸೀಸದ ಪೆಟ್ರೋಲ್ ನಮ್ಮ ದೇಶದಲ್ಲಿ 2000ರಲ್ಲಿ ನಿಂತರೂ ಹೆದ್ದಾರಿ ಬದಿಯ ಮೇಲ್ಮಣ್ಣಿನಲ್ಲಿ ಬಿದ್ದ ಸೀಸ ಎಲ್ಲಿಗೂ ಹೋಗಿಲ್ಲ. ಅದಕ್ಕೆ ತಳಿ ಬದಲಿಸುವುದಕ್ಕಿಂತ ತಾಡಪತ್ರಿ ಹಾಸಿ ರಾಶಿ ಮಾಡುವುದು, ಕಾಳು ತೊಳೆದು ಒಣಗಿಸಿ ಬೀಸುವುದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಕ್ಯಾಡ್ಮಿಯಂ ಮಾತ್ರ ಈ ಲೆಕ್ಕಕ್ಕೆ ಸಿಗದ ಕಳ್ಳ. ಮನುಷ್ಯರ ಮೂತ್ರಪಿಂಡಕ್ಕೆ ಕೇಡಾಗುವಷ್ಟು ಕಾಳಿಗೆ ಏರಿದರೂ ಪೈರಿಗೆ ಏನೂ ಆಗಿರುವುದಿಲ್ಲ. ಎಲೆ ಹಸಿರು, ತೆನೆ ತುಂಬು, ಕಾಳು ಹೊಳಪು. ಹಾಗಾಗಿ ನಿಮ್ಮ ಬನ್ಸಿ ಹಚ್ಚಗಿದೆ ಎಂಬುದರಿಂದ ಮಣ್ಣಲ್ಲಿ ಸತು, ತಾಮ್ರ ಅತಿಯಾಗಿಲ್ಲ ಎಂದು ಊಹಿಸಬಹುದು. ಕ್ಯಾಡ್ಮಿಯಂ ಬಗ್ಗೆ ಆ ಹಸಿರು ಏನನ್ನೂ ಹೇಳುವುದಿಲ್ಲ.

ತಳಿಗಳ ತಾಳಿಕೆಯನ್ನು ಪ್ರಯೋಗಾಲಯದಲ್ಲಿ ಹೇಗೆ ಅಳೆಯುತ್ತಾರೆ ಗೊತ್ತೇ? ಟ್ರೇಯಲ್ಲಿ ಒರಟು ಕಾಗದ ಹಾಸಿ ಒಂದೊಂದು ತಳಿಯ ಇಪ್ಪತ್ತಿಪ್ಪತ್ತು ಕಾಳು ಮೊಳಕೆಗಿಡುತ್ತೇವೆ. ಒಂದು ಟ್ರೇಗೆ ಶುದ್ಧ ನೀರು, ಇನ್ನೊಂದಕ್ಕೆ ಲೋಹ ಕರಗಿಸಿದ ನೀರು. ಐದಾರು ದಿನ ಬಿಟ್ಟು ಸ್ಕೇಲ್ ಇಟ್ಟು ಬೇರು ಅಳೆಯುವುದು. ಶುದ್ಧ ನೀರಿನ ಬೇರು ಬಿಳಿ ದಾರದಂತೆ ಉದ್ದ, ತುದಿಯ ಹಿಂದೆ ಸಣ್ಣ ರೋಮದ ಪೊರೆ. ಲೋಹದ ನೀರಿನಲ್ಲಿ ತಾಳದ ತಳಿಯ ಬೇರು ದಬ್ಬಣದ ಮೊನೆಯಷ್ಟೇ ಬೆಳೆದು ತುದಿ ಕಂದಾಗಿರುತ್ತದೆ. ತಾಳುವ ತಳಿಯದು ಮುಕ್ಕಾಲು ಉದ್ದಕ್ಕಾದರೂ ಬಂದಿರುತ್ತದೆ. ಇಂಥ ಟ್ರೇಗಳ ಮುಂದೆ ಬಗ್ಗಿ ಬಗ್ಗಿ ನನ್ನ ಬೆನ್ನು ಹೋಗಿದೆ, ಆದರೂ ಹೇಳುತ್ತೇನೆ: ಈ ಪರೀಕ್ಷೆಯಲ್ಲಿ ಗೆದ್ದ ತಳಿಯನ್ನು ಊಟಕ್ಕೆ ಒಳ್ಳೆಯದೆಂದು ಕರೆಯಲು ಬರುವುದಿಲ್ಲ. ತಾಳುವುದಕ್ಕೆ ಗಿಡದ ಬಳಿ ಎರಡು ದಾರಿಗಳಿವೆ. ಲೋಹವನ್ನು ಬೇರಿನಲ್ಲೇ ಕಟ್ಟಿಹಾಕುವುದು ಒಂದು. ಒಳಗೆ ಬಿಟ್ಟುಕೊಂಡು, ಕಾಂಡ, ಎಲೆ, ಕಾಳಿಗೆಲ್ಲ ಹಂಚಿ, ಎಲ್ಲಿಯೂ ಒಂದೇ ಕಡೆ ಉರಿಯದಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದೂ ಗಿಡದ ಪಾಲಿಗೆ ತಾಳಿಕೆಯೇ. ಪೆಟ್ಟು ತಿನ್ನುವವರು ಉಣ್ಣುವವರು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿಕೊಳ್ಳುತ್ತೇನೆ: ಕ್ಯಾಡ್ಮಿಯಂ ಅನ್ನು ಕಾಳಿಗೆ ಬಿಡದ ಗೋಧಿ ಯಾವುದು?

ನಮ್ಮ ಉತ್ತರ ಕರ್ನಾಟಕದಷ್ಟು ಬಗೆಬಗೆಯ ಗೋಧಿ ಬಿತ್ತುವ ನೆಲ ದೇಶದಲ್ಲಿ ಕಡಿಮೆ. ಚಪಾತಿಯ ಗೋಧಿ ಇದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಯುಎಎಸ್ 304, ಡಿಡಬ್ಲ್ಯೂಆರ್ 162 ಈ ಗುಂಪಿನವು. ರವೆ, ಶಾವಿಗೆಯ ಗಟ್ಟಿ ಗೋಧಿ ಇದೆ, ಅದೇ ನಿಮ್ಮ ಬನ್ಸಿ, ಅಂದರೆ ಡ್ಯೂರಮ್. ವಿಜಯಪುರದ ಹಳೆಯ ಬಿಜಗಾ ಯೆಲ್ಲೊ, ಈಚಿನ ಯುಎಎಸ್ 428, ಯುಎಎಸ್ 446 ಇದೇ ಕುಲ. ಮೂರನೆಯದು ಜವೆ ಗೋಧಿ, ಖಪ್ಲಿ, ಸದಕ ಎಂದೆಲ್ಲ ಕರೆಯುವ ಡೈಕೊಕಮ್. ಹುಗ್ಗಿಗೆ ಇದನ್ನು ಬಿಟ್ಟರೆ ಇನ್ನೊಂದಿಲ್ಲ. ಡಿಡಿಕೆ 1025, ಡಿಡಿಕೆ 1029 ಇದರ ಸುಧಾರಿತ ತಳಿಗಳು.

ಕ್ಯಾಡ್ಮಿಯಂ ವಿಷಯದಲ್ಲಿ ಜಗತ್ತಿನೆಲ್ಲೆಡೆ ಮತ್ತೆ ಮತ್ತೆ ಕಂಡಿರುವುದು ಇಷ್ಟು: ಒಂದೇ ಮಣ್ಣಿನಲ್ಲಿ ಬೆಳೆದರೆ ಚಪಾತಿ ಗೋಧಿಗಿಂತ ಡ್ಯೂರಮ್ ಕಾಳಿನಲ್ಲಿ ಅದು ಸಾಮಾನ್ಯವಾಗಿ ಹೆಚ್ಚು. ಐರೋಪ್ಯ ಒಕ್ಕೂಟ 2021ರಲ್ಲಿ ಮಿತಿ ಪರಿಷ್ಕರಿಸಿದಾಗ ಸಾಮಾನ್ಯ ಗೋಧಿಗೆ ಕಿಲೋಗೆ 0.10 ಮಿಲಿಗ್ರಾಂ, ಡ್ಯೂರಮ್‌ಗೆ 0.18 ಎಂದು ಬೇರೆ ಬೇರೆ ಅಂಕಿ ಇಟ್ಟಿತು. ಕಾನೂನು ಬರೆಯುವವರೇ ಆ ಕುಲದ ದೌರ್ಬಲ್ಯ ಒಪ್ಪಿಕೊಂಡಂತಾಯಿತು.

ಕಾರಣ ಬೇರಿನಲ್ಲಿದೆ. ಬೇರಿನ ಪ್ರತಿ ಜೀವಕೋಶದೊಳಗೆ ಒಂದು ದೊಡ್ಡ ಚೀಲವಿರುತ್ತದೆ, ನೆಲದಡಿ ಕಾಳು ತುಂಬಿಡುವ ನಮ್ಮ ಹಳೆಯ ಹಗೇವಿನ ಹಾಗೆ. ಬೇಡದ್ದನ್ನು ಗಿಡ ಅದರೊಳಗೆ ಇಳಿಸಿ ಮುಚ್ಚಿಡುತ್ತದೆ. ಕ್ಯಾಡ್ಮಿಯಂ ಅನ್ನು ಹೊತ್ತು ಆ ಹಗೇವಿಗೆ ಇಳಿಸುವ ಹಮಾಲ ಒಂದು ಪ್ರೋಟೀನ್, ಹೆಸರು ಎಚ್‌ಎಂಎ3. ಬಹಳಷ್ಟು ಡ್ಯೂರಮ್ ತಳಿಗಳಲ್ಲಿ ಈ ಹಮಾಲನನ್ನು ತಯಾರಿಸುವ ಜೀನ್ ಕೆಟ್ಟಿದೆ. ಕೆಲಸದವನು ಬರದಿದ್ದ ಮೇಲೆ ಕ್ಯಾಡ್ಮಿಯಂ ಹಗೇವಿನ ಬಾಯಲ್ಲೇ ಬಿದ್ದಿದ್ದು ನೀರಿನ ಜೊತೆ ಮೇಲೇರಿ ಕಾಂಡಕ್ಕೆ, ಅಲ್ಲಿಂದ ಕಾಳಿಗೆ ಹೋಗುತ್ತದೆ. ಸ್ವಾರಸ್ಯ ನೋಡಿ: ಮಣ್ಣಿನಿಂದ ಬೇರು ಹೀರುವ ಪ್ರಮಾಣ ಎರಡೂ ಬಗೆಯಲ್ಲಿ ಹೆಚ್ಚುಕಡಿಮೆ ಒಂದೇ. ಬೇರಿನಲ್ಲಿ ಉಳಿಯಿತೋ ಮೇಲೇರಿತೋ ಎಂಬುದರಲ್ಲೇ ವ್ಯತ್ಯಾಸ. ಉಳಿದೆಲ್ಲ ಗುಣ ಒಂದೇ ಆಗಿದ್ದು ಈ ಒಂದು ಜೀನ್ ಮಾತ್ರ ಬೇರೆ ಇರುವ ಡ್ಯೂರಮ್ ಜೋಡಿಗಳನ್ನು ಬೆಳೆದು ನೋಡಿದಾಗ ಕಾಳಿನ ಕ್ಯಾಡ್ಮಿಯಂನಲ್ಲಿ ಎರಡು ಮೂರು ಪಟ್ಟು ಅಂತರ ಬಂದಿದೆ. ಕೆನಡಾದವರು ಇದನ್ನು ಮೊದಲೇ ಹಿಡಿದು, ಹಮಾಲ ಸರಿಯಿರುವ ಜೀನನ್ನು ತಮ್ಮ ತಳಿಗಳಿಗೆ ತಂದರು. 2004ರಲ್ಲಿ ನೋಂದಣಿಯಾದ ಅವರ ಸ್ಟ್ರಾಂಗ್‌ಫೀಲ್ಡ್ ಎಂಬ ಡ್ಯೂರಮ್ ಹೀಗೆ ಬಂದದ್ದು.

ಈಗ ಪಕ್ಕದ ಹೊಲದವರ ಜವೆ ಗೋಧಿ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಡ್ಯೂರಮ್‌ನ ಪೂರ್ಣ ಜೀನ್ ನಕ್ಷೆ 2019ರಲ್ಲಿ ಪ್ರಕಟವಾಯಿತು. ಆಗ ವಿಜ್ಞಾನಿಗಳು ಈ ಕೆಟ್ಟ ಜೀನಿನ ಚರಿತ್ರೆಯನ್ನೂ ಹುಡುಕಿದರು. ಜವೆ ಗೋಧಿಯ ಕಾಡು ಪೂರ್ವಜದಲ್ಲಿ ಅದು ಸಿಗಲೇ ಇಲ್ಲ. ಸಾಗುವಳಿಯ ಜವೆ ಗೋಧಿಯಿಂದ ಇಂದಿನ ಡ್ಯೂರಮ್‌ಗೆ ಬರುತ್ತಾ ಬರುತ್ತಾ ಅದು ಹರಡಿದೆ. ರವೆಯ ಬಣ್ಣ, ಕಾಳಿನ ಗಟ್ಟಿತನ, ಇಳುವರಿ ನೋಡಿ ಬೀಜ ಆರಿಸಿದ ಕೈಗಳಿಗೆ ರುಚಿ, ವಾಸನೆ, ಬಣ್ಣ ಯಾವುದೂ ಇಲ್ಲದ ಕ್ಯಾಡ್ಮಿಯಂ ಕಾಣುವುದಾದರೂ ಹೇಗೆ? ಹೀಗಾಗಿ ಜವೆ ಗೋಧಿಯಲ್ಲಿ ಹಮಾಲ ಕೆಲಸದ ಮೇಲಿರುವ ಸಾಧ್ಯತೆ ಬನ್ಸಿಗಿಂತ ಹೆಚ್ಚು. ಆದರೆ ಎಂಥ ವಿಷವನ್ನೂ ತಡೆಯುತ್ತದೆ ಎಂಬುದು ಕಟ್ಟೆಯ ಮೇಲಿನ ಮಾತು. ಹಮಾಲ ಎಷ್ಟೇ ಗಟ್ಟಿಗನಾದರೂ ಮಣ್ಣಲ್ಲಿ ಲೋಹ ಏರುತ್ತಲೇ ಇದ್ದರೆ ಕಾಳಲ್ಲೂ ಏರುತ್ತದೆ. ಜವೆ ಗೋಧಿ ಸಿಪ್ಪೆಯೊಳಗೇ ಇರುವುದರಿಂದ ದೂಳಿನ ಸೀಸ ಕಾಳಿಗೆ ತಾಗುವುದು ಕಡಿಮೆ ಎಂಬ ಇನ್ನೊಂದು ಲಾಭ ಉಂಟು, ಸಿಪ್ಪೆ ಬಿಡಿಸುವ ಗಿರಣಿ ಶುಚಿಯಾಗಿದ್ದರೆ.

ನಿಮಗೆ ನೇರವಾಗಿ ಅನ್ವಯಿಸದಿದ್ದರೂ ಖಾನಾಪುರ ಕಡೆಯ ಓದುಗರಿಗಾಗಿ ಒಂದು ಮಾತು. ಅಲ್ಲಿನ ಮಳೆ ತೊಳೆದ ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಕರಗಿ ಬೇರು ಸುಡುತ್ತದೆ. ಅದು ಭಾರ ಲೋಹವಲ್ಲ, ಆದರೂ ಅಲ್ಲಿ ಗೋಧಿಯ ಕುಲಭೇದ ಇನ್ನೂ ಸ್ಪಷ್ಟ. ಬೇರಿನ ತುದಿಯಿಂದ ಮ್ಯಾಲಿಕ್ ಆಮ್ಲ ಸುರಿಸಿ ಅಲ್ಯುಮಿನಿಯಂ ಅನ್ನು ಹೊರಗೇ ಕಟ್ಟಿಹಾಕುವ ಮುಖ್ಯ ಜೀನ್, ಚಪಾತಿ ಗೋಧಿಗೆ ಮಾತ್ರ ಇರುವ ಮೂರನೆಯ ವರ್ಣತಂತು (ಜೀನ್‌ಗಳನ್ನು ಹೊತ್ತ ಎಳೆ) ಗುಂಪಿನಲ್ಲಿದೆ. ಡ್ಯೂರಮ್, ಜವೆ ಎರಡಕ್ಕೂ ಆ ಗುಂಪೇ ಇಲ್ಲ.

ತಳಿಯ ಗುಣ ಇಷ್ಟಾದರೆ ಮಣ್ಣಿನದು ಅದಕ್ಕಿಂತ ದೊಡ್ಡ ಕತೆ. ಹುಳಿ ಮಣ್ಣಲ್ಲಿ ಕ್ಯಾಡ್ಮಿಯಂ ಸಲೀಸಾಗಿ ಕರಗುತ್ತದೆ, ಸುಣ್ಣ ತುಂಬಿದ ಎರೆ ಮಣ್ಣಲ್ಲಿ ಜೇಡಿಗೆ ಅಂಟಿ ಕೂರುತ್ತದೆ. ಅಥಣಿ, ಜಮಖಂಡಿ, ಇಂಡಿ ಕಡೆಯ ಎರೆಯ ರಸಸಾರ (ಮಣ್ಣಿನ ಹುಳಿ-ಕ್ಷಾರದ ಅಳತೆ, ಪಿಎಚ್) 8 ದಾಟಿರುತ್ತದೆ, ಅದು ಅಲ್ಲಿಯವರ ಅದೃಷ್ಟ. ಬೆಳಗಾವಿಯಿಂದ ಪಶ್ಚಿಮಕ್ಕೆ ಹೋದಷ್ಟೂ ಆ ಅದೃಷ್ಟ ಕರಗುತ್ತದೆ. ಎರೆಯವರೂ ನಿಶ್ಚಿಂತರಾಗುವಂತಿಲ್ಲ, ಎರಡು ಕಾರಣಕ್ಕೆ. ಒಂದು, ಆ ಮಣ್ಣುಗಳಲ್ಲಿ ಸತುವಿನ ಕೊರತೆ ಸಾಮಾನ್ಯ. ಸತು ಸಿಗದ ಬೇರು ಅದರ ಅಣ್ಣತಮ್ಮನಂತಿರುವ ಕ್ಯಾಡ್ಮಿಯಂ ಅನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಎರಡು, ಸವಳು. ಉಪ್ಪಿನ ಕ್ಲೋರೈಡ್ ಕ್ಯಾಡ್ಮಿಯಂ ಜೊತೆ ಕೂಡಿ ಅದನ್ನು ಮಣ್ಣಿನ ಹಿಡಿತದಿಂದ ಬಿಡಿಸಿ ಬೇರಿನ ಬಳಿ ತಂದು ಬಿಡುತ್ತದೆ. ವಿಜಯಪುರದ ಡೋಣಿ ಹೊಳೆಯ ಬಗ್ಗೆ, ಡೋಣಿ ಹರಿದರೆ ಓಣಿ ತುಂಬ ಜೋಳ ಎನ್ನುತ್ತಾರೆ. ಆದರೆ ಆ ಹೊಳೆಯ ನೀರು ಉಪ್ಪು, ಕಣಿವೆಯ ಎಷ್ಟೋ ಹೊಲಗಳು ಸವಳು. ಘಟಪ್ರಭಾ, ಮಲಪ್ರಭಾ ಕಾಲುವೆಯ ಕೆಳಗೆ ಜವಳು ಹಿಡಿದ ಹೊಲಗಳ ಕತೆಯೂ ಅಷ್ಟೇ. ಅಂಥ ಹೊಲಕ್ಕೆ ಕೊಳಚೆ ನೀರೂ ಸೇರಿದರೆ ಕಡಿಮೆ ಕ್ಯಾಡ್ಮಿಯಂ ಇರುವ ಮಣ್ಣೂ ಹೆಚ್ಚಿನದರಂತೆ ವರ್ತಿಸುತ್ತದೆ. ಒಂದು ಹೊಲದಲ್ಲಿ ಒಳ್ಳೆಯದಾಗಿ ಕಂಡ ತಳಿ ಇನ್ನೊಂದರಲ್ಲಿ ಕೈಕೊಡುವುದು ಇದಕ್ಕೇ.

ನಿಮ್ಮ ಭತ್ತದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಗದ್ದೆಯಲ್ಲಿ ನೀರು ನಿಂತಿರುವಷ್ಟು ದಿನ ಕ್ಯಾಡ್ಮಿಯಂ ಗಂಧಕದೊಡನೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ನೀರು ಹೊರಗೆ ಬಿಟ್ಟು ಗದ್ದೆ ಒಣಗಿದ ಕೂಡಲೇ ಅದು ಬಿಡುಗಡೆಯಾಗುತ್ತದೆ, ಹಿಂದೆಯೇ ನೀವು ಗೋಧಿ ಬಿತ್ತುತ್ತೀರಿ. ಅಂದರೆ ಅದೇ ಗದ್ದೆಯಲ್ಲಿ ಭತ್ತಕ್ಕೆ ಸಿಗದೆ ಉಳಿದದ್ದು ಗೋಧಿಗೆ ಸಿಗುತ್ತದೆ.

ಎಷ್ಟು ಹೆದರಬೇಕು? ಲೆಕ್ಕ ಹಾಕೋಣ. ಆಹಾರದ ಅಂತರರಾಷ್ಟ್ರೀಯ ಮಾನಕ ಕೊಡೆಕ್ಸ್ ಪ್ರಕಾರ ಗೋಧಿಯಲ್ಲಿ ಕಿಲೋಗೆ 0.2 ಮಿಲಿಗ್ರಾಂ ಕ್ಯಾಡ್ಮಿಯಂ ಮಿತಿ. ದೇಹ ತಾಳಬಲ್ಲ ಪ್ರಮಾಣವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಘಟನೆಯ ಜಂಟಿ ಸಮಿತಿ 2010ರಲ್ಲಿ ಹೇಳಿದ್ದು, ದೇಹತೂಕದ ಕಿಲೋಗೆ ತಿಂಗಳಿಗೆ 25 ಮೈಕ್ರೋಗ್ರಾಂ. 60 ಕಿಲೋ ತೂಗುವ ನಿಮಗೆ ದಿನಕ್ಕೆ 50 ಮೈಕ್ರೋಗ್ರಾಂ ಆಯಿತು. ಸರಿಯಾಗಿ ಮಿತಿಯ ಮೇಲೆ ನಿಂತಿರುವ ಗೋಧಿಯ ಕಾಲು ಕಿಲೋ ಹಿಟ್ಟಿನಲ್ಲಿ, ಅಂದರೆ ಏಳೆಂಟು ಚಪಾತಿಯಲ್ಲಿ, ಆ 50 ಮುಗಿದುಹೋಗುತ್ತದೆ. ಅನ್ನ, ಪಲ್ಯ, ಬೇಳೆಯದು ಮೇಲೆ. ಹೊಲದ್ದೇ ಗೋಧಿಯನ್ನು ವರ್ಷವಿಡೀ ಉಣ್ಣುವ ಮನೆಗೆ ಈ ಲೆಕ್ಕ ತೀಕ್ಷ್ಣ. ಪೇಟೆಯಲ್ಲಿ ಹತ್ತು ಊರಿನ ಗೋಧಿ ಕೂಡಿಸಿ ಕೊಳ್ಳುವವರಿಗೆ ಅಷ್ಟಿಲ್ಲ. ಒಳಗೆ ಹೋದ ಕ್ಯಾಡ್ಮಿಯಂ ಅರ್ಧಕ್ಕಿಳಿಯಲು ಮೂತ್ರಪಿಂಡದಲ್ಲಿ 10ರಿಂದ 30 ವರ್ಷ ಬೇಕು. ರಕ್ತಹೀನತೆ ಇರುವವರ ಕರುಳು ಅದನ್ನು ಇನ್ನೂ ಹೆಚ್ಚು ಹೀರುತ್ತದೆ, ಮನೆಯ ಹೆಣ್ಣುಮಕ್ಕಳ ಕಡೆ ಮೊದಲು ಗಮನ ಇರಲಿ. ಬೀಡಿ ಸೇದುವವರಿಗೆ ಹೊಗೆಯಿಂದಲೂ ಬರುತ್ತದೆ. ಜಪಾನಿನ ಜಿಂಜು ನದಿಯ ದಂಡೆಯಲ್ಲಿ ಗಣಿಯ ನೀರಿನ ಅಕ್ಕಿ ಉಂಡವರ ಎಲುಬು ಮುರಿದ ಇಟಾಯ್ ಇಟಾಯ್ ಕಾಯಿಲೆಯನ್ನು ಅಲ್ಲಿನ ಸರಕಾರ ಒಪ್ಪಿದ್ದು 1968ರಲ್ಲಿ. ಆ ಮಟ್ಟದ ಮಾಲಿನ್ಯವೇ ಬೇರೆ. ಅದನ್ನು ನಿಮ್ಮ ನಾಲಾಕ್ಕೆ ಹೋಲಿಸಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಇನ್ನು ಮಣ್ಣಿನ ಜಮಾಖರ್ಚು. ನೀರಾವರಿ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಕ್ಯಾಡ್ಮಿಯಂ ಮೀರಬಾರದು ಎಂಬುದು ಚಾಲ್ತಿಯ ಮಾರ್ಗಸೂಚಿ. ನಿಮ್ಮ ನಾಲಾ ಅಷ್ಟರಲ್ಲೇ ಇದೆ ಎಂದಿಟ್ಟುಕೊಳ್ಳಿ. ಗೋಧಿಗೆ ಐದು ನೀರು, ಒಂದೊಂದಕ್ಕೆ ಆರು ಸೆಂಟಿಮೀಟರ್ ಎಂದರೆ ಎಕರೆಗೆ ಸುಮಾರು 12 ಲಕ್ಷ ಲೀಟರ್. ಅದರಲ್ಲಿ ಬಂದದ್ದು 12 ಗ್ರಾಂ ಕ್ಯಾಡ್ಮಿಯಂ. ಹದಿನೈದು ಕ್ವಿಂಟಲ್ ಕಾಳು ಕಿಲೋಗೆ 0.1 ಮಿಲಿಗ್ರಾಂನಂತೆ ಹೊತ್ತು ಹೋಗುವುದು 0.15 ಗ್ರಾಂ. ಹೊಟ್ಟು ಸೇರಿಸಿದರೂ ಒಂದು ಗ್ರಾಂ ಆಗುವುದು ಕಷ್ಟ. ಉಳಿದದ್ದೆಲ್ಲ ನಿಮ್ಮ ಮಣ್ಣಿನ ಖಾತೆಗೆ ಜಮಾ. ಮೇಲಿನ 15 ಸೆಂಟಿಮೀಟರ್ ಮಣ್ಣು ಎಕರೆಗೆ ಒಂಬತ್ತು ಲಕ್ಷ ಕಿಲೋ ತೂಗುತ್ತದೆ, ಹಾಗಾಗಿ ಒಂದು ವರ್ಷದ್ದು ನಗಣ್ಯ ಅನಿಸುತ್ತದೆ. ಹದಿನೈದು ವರ್ಷ ಪೂರ್ತಿ ಹಾಯಿಸಿದರೆ ಮಣ್ಣಿನ ಕಿಲೋಗೆ 0.2 ಮಿಲಿಗ್ರಾಂ ಏರುತ್ತದೆ, ನೀವು ಬಾವಿ ಬತ್ತಿದಾಗ ಮಾತ್ರ ಹಾಯಿಸುವುದರಿಂದ ಅರ್ಧ ಹಿಡಿಯಿರಿ. ಅಷ್ಟಾದರೆ ಕೈಮೀರಿದ ಹೊಲ ಅಲ್ಲ. ಆದರೆ ಯಾವ ತಳಿ ಬಿತ್ತಿದರೂ ಈ ಜಮೆಯನ್ನು ಹಿಂದಕ್ಕೆ ತೆಗೆಯುವುದಿಲ್ಲ, ನಾಲಾದ ಪಂಪು ನಿಂತರೆ ಮಾತ್ರ ಅದು ಬೆಳೆಯುವುದು ನಿಲ್ಲುತ್ತದೆ.

ಈಗ ಮಾಡುವುದೇನು. ಈ ಹಿಂಗಾರಿಗೆ ನಾಲಾ ನೀರು ಮುಟ್ಟಿದ ತುಂಡಿಗೆ ಬನ್ಸಿ ಬೇಡ. ಮನೆಯ ಶಾವಿಗೆಗೆ ಬೇಕೆಂದರೆ, ಬಾವಿ ನೀರು ಮಾತ್ರ ಕಂಡ ತುಂಡು ಇದ್ದರೆ ಅದಕ್ಕೆ ಹಾಕಿಕೊಳ್ಳಿ. ನಾಲಾ ನೀರಿನ ತುಂಡಿಗೆ ಚಪಾತಿ ಗೋಧಿಯ ಯುಎಎಸ್ 304ರಂಥದ್ದು ಇರಲಿ, ನಾಲ್ಕು ಸಾಲು ಜವೆ ಗೋಧಿಯನ್ನೂ ಪಕ್ಕಕ್ಕೆ ಬಿತ್ತಿ ಎರಡರ ಕಾಳನ್ನೂ ಪರೀಕ್ಷೆಗೆ ಕೊಡಿ. ನಿಮ್ಮ ಹೊಲದಲ್ಲಿ ಯಾವುದು ಮೇಲು ಎಂಬುದಕ್ಕೆ ಆ ಎರಡು ಚೀಟಿಗಿಂತ ದೊಡ್ಡ ತಜ್ಞ ನಾನಲ್ಲ. ಬಿತ್ತುವ ಮುಂಚೆ ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ಹಾಕಿ. ದಕ್ಷಿಣ ಆಸ್ಟ್ರೇಲಿಯಾದ ಸತು ಕೊರತೆಯ ಹೊಲಗಳಲ್ಲಿ ಸತು ಕೊಟ್ಟಾಗ ಗೋಧಿ ಕಾಳಿನ ಕ್ಯಾಡ್ಮಿಯಂ ಅರ್ಧದಷ್ಟು ಇಳಿದದ್ದೂ ಉಂಟು. ಆದರೆ ಹೆಸರಿಲ್ಲದ ಚೀಲದ ಅಗ್ಗದ ಜಿಂಕ್ ತರಬೇಡಿ. ಸತುವೂ ಕ್ಯಾಡ್ಮಿಯಂ ಕೂಡ ಒಂದೇ ಅದಿರಿನಿಂದ ಬರುವವು, ಕಳಪೆ ಜಿಂಕ್ ಎಂದರೆ ಕಳ್ಳನನ್ನೇ ಕಾವಲಿಗಿಟ್ಟಂತೆ. ಪೊಟ್ಯಾಶ್ ಬೇಕಿದ್ದರೆ ಕೆಂಪು ಮ್ಯೂರಿಯೇಟ್ ಬಿಟ್ಟು ಸಲ್ಫೇಟ್ ರೂಪದ್ದು ಕೊಳ್ಳಿ, ಕ್ಲೋರೈಡ್ ತಪ್ಪುತ್ತದೆ. ಯೂರಿಯಾ ಶಿಫಾರಸು ಮೀರಬೇಡಿ, ಹೆಚ್ಚು ಸಾರಜನಕ ಕಾಳಿನ ಕ್ಯಾಡ್ಮಿಯಂ ಏರಿಸುತ್ತದೆ. ಕೊಟ್ಟಿಗೆ ಗೊಬ್ಬರ ಹಾಕುವುದು ಒಳ್ಳೆಯದೇ. ಪಟ್ಟಣದ ಕಸದ ಗೊಬ್ಬರವಾದರೆ ಲೋಹದ ಪರೀಕ್ಷೆಯ ಚೀಟಿ ಕೇಳಿ. ಕ್ಯಾಡ್ಮಿಯಂ ಕಿಲೋಗೆ 5 ಮಿಲಿಗ್ರಾಂ ದಾಟಬಾರದೆಂದು ನಮ್ಮ ರಸಗೊಬ್ಬರ ಆದೇಶವೇ ಹೇಳುತ್ತದೆ.

ಗೋಧಿ ಬಿಟ್ಟು ಬೇರೆ ಏನಾದರೂ ಎಂದರೆ ಗೋವಿನಜೋಳದ ಕಾಳಿಗೆ ಕ್ಯಾಡ್ಮಿಯಂ ಏರುವುದು ಕಡಿಮೆ. ಪಾಲಕ, ಮೆಂತ್ಯ ಆ ನೀರಲ್ಲಿ ಬೆಳೆಯಲೇಬೇಡಿ. ಸೂರ್ಯಕಾಂತಿ ಮತ್ತು ಅಗಸಿ ಎರಡೂ ಕ್ಯಾಡ್ಮಿಯಂ ಅನ್ನು ಬೀಜಕ್ಕೆ ಎಳೆಯುವುದರಲ್ಲಿ ಹೆಸರಾದವು. ಅಗಸಿ ಹಿಂಡಿ ಇಲ್ಲದೆ ರೊಟ್ಟಿ ಇಳಿಯದ ನಮ್ಮಂಥವರಿಗೆ ಇದು ಬೇಸರದ ಸುದ್ದಿ.

ಪರೀಕ್ಷೆಯ ಬಗ್ಗೆ. ನಿಮ್ಮ ಬಳಿ ಮಣ್ಣು ಆರೋಗ್ಯ ಚೀಟಿ ಇದ್ದರೆ ಅದರಲ್ಲಿ ಕ್ಯಾಡ್ಮಿಯಂ ಹುಡುಕಬೇಡಿ. ಆ ಚೀಟಿಯ 12 ಅಂಶಗಳಲ್ಲಿ ರಸಸಾರ, ಸತು, ತಾಮ್ರ ಇವೆ, ಕ್ಯಾಡ್ಮಿಯಂ, ಸೀಸ ಇಲ್ಲ. ಭಾರ ಲೋಹ ಎಂದು ಪ್ರತ್ಯೇಕ ಕೇಳಿ, ಮಾನ್ಯತೆ ಪಡೆದ ಆಹಾರ ಪ್ರಯೋಗಾಲಯಕ್ಕೆ ಕಾಳನ್ನೇ ಕೊಡಿ. ಒಂದೇ ಪರೀಕ್ಷೆಗೆ ಹಣವಿದ್ದರೆ ಮಣ್ಣಿಗಿಂತ ಕಾಳಿನದು ಮಾಡಿಸಿ, ನೀವು ಉಣ್ಣುವುದು ಅದನ್ನೇ. ರಾಶಿಯ ಮುಂಚೆ ಹೊಲದ ಹತ್ತು ಕಡೆಯಿಂದ ತೆನೆ ಕೊಯ್ದು, ಕೈಯಲ್ಲೇ ಉಜ್ಜಿ, ಅರ್ಧ ಕಿಲೋ ಕಾಳು ಹೊಸ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಒಮ್ಮೆ ಒಬ್ಬ ರೈತರು ಮಣ್ಣನ್ನು ತಗಡಿನ ಬಕೆಟ್‌ನಲ್ಲಿ ಕಲಸಿ ತಂದಿದ್ದರು. ಸತುವಿನ ಅಂಕಿ ಆಕಾಶಕ್ಕೆ ಹೋಗಿತ್ತು. ಅದು ಬಕೆಟ್ಟಿನ ಲೇಪನದ್ದೆಂದು ಗೊತ್ತಾಗುವಷ್ಟರಲ್ಲಿ ಅವರ ಒಂದು ಹಂಗಾಮು, ನನ್ನ ಒಂದು ತಿಂಗಳು ಹೋಗಿತ್ತು. ಚೀಲದ ಮೇಲೆ ತಳಿ, ತುಂಡಿನ ಗುರುತು, ಬಾವಿ ನೀರೋ ನಾಲಾ ನೀರೋ ಬರೆಯಿರಿ.

ಕೊನೆಗೆ ಎಮ್ಮೆಯ ಹೊಟ್ಟು. ಗೋಧಿಯಲ್ಲಿ ಕ್ಯಾಡ್ಮಿಯಂ ಕಾಳಿಗಿಂತ ಹೊಟ್ಟಿನಲ್ಲೇ ಹೆಚ್ಚಿರುತ್ತದೆ, ಸೀಸದ ದೂಳೂ ಅದರ ಮೇಲೇ. ಆದರೆ ಎಮ್ಮೆಯ ದೇಹ ಕ್ಯಾಡ್ಮಿಯಂ ಅನ್ನು ಹಾಲಿಗೆ ಬಿಡುವುದು ತೀರಾ ಕಡಿಮೆ, ಅದು ಪಿತ್ತಜನಕಾಂಗ ಮತ್ತು ಮೂತ್ರಪಿಂಡದಲ್ಲಿ ಕೂರುತ್ತದೆ. ಕಣಿಕೆ, ಹಸಿ ಮೇವಿನ ಜೊತೆ ಕೂಡಿಸಿ ಮೂರರಲ್ಲಿ ಒಂದು ಪಾಲಿನಷ್ಟು ಹಾಕಿ, ಪೂರ್ತಿ ಅದರ ಮೇಲೇ ಸಾಕಬೇಡಿ. ಆಡು, ಕುರಿ ಇದ್ದು ಈ ಹೊಟ್ಟೇ ತಿಂದು ವರ್ಷಗಟ್ಟಲೆ ಬೆಳೆದಿದ್ದರೆ ಹಬ್ಬದಲ್ಲಿ ಅವುಗಳ ಪಿತ್ತಜನಕಾಂಗ, ಮೂತ್ರಪಿಂಡ ಮಕ್ಕಳ ತಾಟಿಗೆ ಹಾಕಬೇಡಿ.